ಕಟ್ಟೆಮನೆಯಿಂದ ಶಿವಗಂಗೋತ್ರಿಗೆ

ಚಳ್ಳಕೆರೆ ತಾಲ್ಲೂಕಿನ ನನ್ನಿವಾಳ ಒಂದು ಶತಮಾನದೊಳಗೆ ಮೂರು ವಿಶ್ವವಿದ್ಯಾಲಯಗಳ ಸರಹದ್ದು ಕಂಡ ಊರು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದಾಗ ಈ ಸೀಮೆ ಅದರ ಬಡಗಣ ಅಂಚಿನಲ್ಲಿತ್ತು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಚಿತ್ರದುರ್ಗ ಜಿಲ್ಲೆ ಅದರ ಪಾಲಿಗೆ ಬಂತು. 2009ರ ಆಗಸ್ಟ್‌ನಲ್ಲಿ ದಾವಣಗೆರೆಯ ಸ್ನಾತಕೋತ್ತರ ಕೇಂದ್ರವೇ ದಾವಣಗೆರೆ ವಿಶ್ವವಿದ್ಯಾಲಯವಾಯಿತು. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಕಾಲೇಜುಗಳೆಲ್ಲ ಅದಕ್ಕೆ ಸೇರಿದವು. ಊರು ಇದ್ದಲ್ಲೇ ಇತ್ತು. ವಿಶ್ವವಿದ್ಯಾಲಯ ಮಾತ್ರ ಮಾನಸಗಂಗೋತ್ರಿಯಿಂದ ಶಂಕರಘಟ್ಟಕ್ಕೆ, ಅಲ್ಲಿಂದ ತೋಳಹುಣಸೆಯ ಶಿವಗಂಗೋತ್ರಿಗೆ ಸರಿಯುತ್ತ ಸರಿಯುತ್ತ ಹತ್ತಿರ ಬಂತು. ಚಿತ್ರದುರ್ಗದ ಹೊರವಲಯದ ಗುಡ್ಡದ ರಂಗವ್ವನಹಳ್ಳಿಯಲ್ಲಿ ಜ್ಞಾನಗಂಗೋತ್ರಿ ಸ್ನಾತಕೋತ್ತರ ಕೇಂದ್ರವಾದ ಮೇಲಂತೂ ಚಳ್ಳಕೆರೆಯಿಂದ ಒಂದು ಗಂಟೆಯ ಬಸ್ಸಿನ ದಾರಿ.

ನಕ್ಷೆಯ ಮೇಲಿನ ದೂರ ಹೀಗೆ ಕರಗಿತು. ಪ್ರವೇಶಾತಿ ಪಟ್ಟಿಯಲ್ಲಿ, ಹಾಸ್ಟೆಲಿನಲ್ಲಿ, ಪರೀಕ್ಷಾ ಕೊಠಡಿಯಲ್ಲಿ ಇದ್ದ ದೂರ ಎಷ್ಟು ಕರಗಿತು ಎನ್ನುವುದು ಬೇರೆಯೇ ಚರಿತ್ರೆ. ಎಲ್ಲರನ್ನೂ ಒಳಗೊಳ್ಳುವ ಉನ್ನತ ಶಿಕ್ಷಣ ಎಂಬ ನೀತಿ ದೆಹಲಿಯಲ್ಲೋ ಬೆಂಗಳೂರಿನಲ್ಲೋ ಬರೆದದ್ದು. ಅದು ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹಟ್ಟಿಗಳಿಗೆ ಬಂದು ತಲುಪಿದ್ದು ಬೇರೆ ಬೇರೆ ವೇಷದಲ್ಲಿ: ಒಮ್ಮೆ ಹಾಸ್ಟೆಲಾಗಿ, ಒಮ್ಮೆ ಜಾತಿ ಪ್ರಮಾಣಪತ್ರವಾಗಿ, ಒಮ್ಮೆ ಬಸ್ಸಿನ ಉಚಿತ ಟಿಕೆಟ್ಟಾಗಿ. ಕೆಲವು ವಿಷಯಗಳಲ್ಲಿ ಇನ್ನೂ ಬಂದಿಲ್ಲ.

ನನ್ನಿವಾಳದ ಹೆಸರು ಹೊರಗಿನವರಿಗೆ ಗೊತ್ತಿರುವುದು ಕಟ್ಟೆಮನೆಯಿಂದ. ಮ್ಯಾಸಬೇಡ ಸಮುದಾಯದ ಕಟ್ಟೆಮನೆಗಳಲ್ಲಿ ನನ್ನಿವಾಳದ್ದೂ ಒಂದು. ಹಟ್ಟಿಗಳ ವ್ಯಾಜ್ಯ, ಕಟ್ಟುಪಾಡು, ಹಬ್ಬದ ತೀರ್ಮಾನ, ದೇವರ ಎತ್ತುಗಳ ಯೋಗಕ್ಷೇಮ ಎಲ್ಲವೂ ಕಟ್ಟೆಮನೆಯ ಕೆಳಗೆ ಬರುತ್ತಿದ್ದವು. ಸುತ್ತಮುತ್ತ ಕಾಡುಗೊಲ್ಲರ ಹಟ್ಟಿಗಳು, ಲಂಬಾಣಿ ತಾಂಡಾಗಳು, ಮಾದಿಗರ, ಛಲವಾದಿಗಳ ಕೇರಿಗಳು. ಮಳೆ ಕಡಿಮೆ; ಶೇಂಗಾ, ಕುರಿ, ಕಂಬಳಿ, ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಯ ಮಗ್ಗ, ಇವೇ ಬದುಕು. 2011ರ ಜನಗಣತಿಯಂತೆ ರಾಜ್ಯದಲ್ಲಿ ಪರಿಶಿಷ್ಟ ಪಂಗಡದವರು ಶೇ 7ರ ಆಸುಪಾಸು. ಚಿತ್ರದುರ್ಗ ಜಿಲ್ಲೆಯಲ್ಲಿ ಶೇ 18. ಪರಿಶಿಷ್ಟ ಜಾತಿಯವರು ಶೇ 23ಕ್ಕೂ ಹೆಚ್ಚು. ಎರಡೂ ಕೂಡಿದರೆ ಜಿಲ್ಲೆಯ ಐವರಲ್ಲಿ ಇಬ್ಬರು. ಈ ಸೀಮೆಯಲ್ಲಿ 'ಒಳಗೊಳ್ಳುವುದು' ಅಂದರೆ ಅಲ್ಪಸಂಖ್ಯೆಯ ಕೆಲವರಿಗೆ ಮೂಲೆಯಲ್ಲಿ ಜಾಗ ಮಾಡಿಕೊಡುವ ಕೆಲಸವಲ್ಲ, ತರಗತಿಯ ಅರ್ಧದಷ್ಟು ಬೆಂಚುಗಳ ಪ್ರಶ್ನೆ.

ಇದೇ ತಾಲ್ಲೂಕು ಮೈಸೂರು ವಿಶ್ವವಿದ್ಯಾಲಯಕ್ಕೆ ಮೊದಲ ಕನ್ನಡ ಪ್ರಾಧ್ಯಾಪಕರನ್ನು ಕೊಟ್ಟಿತು ಎಂಬುದನ್ನು ಇಲ್ಲಿ ಮರೆಯುವ ಹಾಗಿಲ್ಲ. ತಳುಕಿನ ವೆಂಕಣ್ಣಯ್ಯನವರು 1927ರಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾದಾಗ ಅದರ ಗುರುಸ್ಥಾನದಲ್ಲಿದ್ದರು. ಕುವೆಂಪು ಈ ವೆಂಕಣ್ಣಯ್ಯನವರ ಶಿಷ್ಯರು, 'ಶ್ರೀ ರಾಮಾಯಣ ದರ್ಶನಂ' ಅರ್ಪಿತವಾದದ್ದು ಈ ಗುರುವಿಗೇ. ತಳುಕಿನ ಮನೆತನಕ್ಕೆ ಅಕ್ಷರದ ಪರಂಪರೆ ಇತ್ತು. ಅದೇ ತಾಲ್ಲೂಕಿನ ಹಟ್ಟಿಗಳಲ್ಲಿ ಆಗ ಶಾಲೆಯ ಮೆಟ್ಟಿಲು ಹತ್ತಿದವರನ್ನೇ ಹುಡುಕಬೇಕಿತ್ತು. ಹಾಗೆಂದು ಸಂಸ್ಥಾನ ಕಣ್ಣು ಮುಚ್ಚಿ ಕುಳಿತಿರಲಿಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿತು. ಮರುವರ್ಷ ಬಂದ ವರದಿ ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರ ಪಾಲು ಹೆಚ್ಚಬೇಕು, ಅದಕ್ಕೆ ಅವರ ಓದಿಗೆ ನೆರವು ಬೇಕು ಎಂದಿತು. ವಿಶ್ವವಿದ್ಯಾಲಯ ಕಟ್ಟಲು ಮುಂದೆ ನಿಂತ ದಿವಾನ ವಿಶ್ವೇಶ್ವರಯ್ಯನವರು ಈ ಮೀಸಲಾತಿಯ ದಾರಿಗೆ ಒಪ್ಪದೆ, ವರದಿ ಬರುವ ಮೊದಲೇ, 1918ರ ಕೊನೆಗೇ ಅಧಿಕಾರ ಬಿಟ್ಟರು. ವಿಶ್ವವಿದ್ಯಾಲಯವೂ ಅದರ ಬಾಗಿಲು ಯಾರಿಗೆ ಎಂಬ ಜಗಳವೂ ನಮ್ಮಲ್ಲಿ ಹೆಚ್ಚುಕಡಿಮೆ ಓರಗೆಯವು.

ಹಟ್ಟಿಗಳ ಮಕ್ಕಳಿಗಿಂತ ಮೊದಲು ಹಟ್ಟಿಗಳ ಹಾಡು ವಿಶ್ವವಿದ್ಯಾಲಯದೊಳಗೆ ಹೋಯಿತು. ಇದು ಈ ಸೀಮೆಯ ಚರಿತ್ರೆಯಲ್ಲಿ ಸ್ವಲ್ಪ ನಗು, ಸ್ವಲ್ಪ ನೋವು ತರಿಸುವ ಸಂಗತಿ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಓದು ಬರಹ ಬಾರದು. ಆಕೆಯ ನೆನಪಿನಲ್ಲಿದ್ದ ಹಾಡುಗಳಿಗೆ ಲೆಕ್ಕವಿರಲಿಲ್ಲ. ಕೃಷ್ಣಮೂರ್ತಿ ಹನೂರು ಅವನ್ನು ಕೇಳಿ, ಬರೆದುಕೊಂಡು 'ಸಾವಿರದ ಸಿರಿಬೆಳಗು' ಎಂಬ ಸಂಕಲನ ತಂದರು. ತೀ.ನಂ. ಶಂಕರನಾರಾಯಣ ಅವರು ಕಾಡುಗೊಲ್ಲರ ಸಂಪ್ರದಾಯ, ನಂಬಿಕೆಗಳನ್ನೇ ಸಂಶೋಧನೆಯ ವಿಷಯ ಮಾಡಿಕೊಂಡರು. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಆರಂಭವಾಗಿ, ಅಲ್ಲಿ ಬುಡಕಟ್ಟು ಅಧ್ಯಯನಕ್ಕೇ ಒಂದು ವಿಭಾಗ ಬಂದ ಮೇಲೆ ಮ್ಯಾಸಬೇಡರ ಗುಡಿಕಟ್ಟುಗಳು, ಗೊಲ್ಲರ ದೈವಗಳಾದ ಜುಂಜಪ್ಪ, ಎತ್ತಪ್ಪ ಎಲ್ಲರೂ ಅಡಿಟಿಪ್ಪಣಿಗಳಲ್ಲಿ ನೆಲೆಸಿದರು. ಅಜ್ಜಿಯ ಹಾಡು ಪಠ್ಯವಾಯಿತು. ಮೊಮ್ಮಗಳು ಅದೇ ಪಠ್ಯವನ್ನು ಓದುವ ತರಗತಿಗೆ ಬರಲು ಇನ್ನೂ ಬಹಳ ಸಮಯ ಹಿಡಿಯಿತು. ಸಂಶೋಧಕರನ್ನು ದೂರುವ ಮಾತಲ್ಲ ಇದು. ಅವರು ಬಾರದೇ ಹೋಗಿದ್ದರೆ ಆ ಹಾಡುಗಳೂ ಉಳಿಯುತ್ತಿರಲಿಲ್ಲ. ವಿಷಯವಾಗಿ ಒಳಗೆ ಹೋಗುವುದು ಸುಲಭ, ವಿದ್ಯಾರ್ಥಿಯಾಗಿ ಹೋಗುವುದು ಕಷ್ಟ ಎಂಬುದಷ್ಟೇ ಇಲ್ಲಿ ಕಾಣುವುದು.

ಇನ್ನು ಸೀಟಿನ ಕಥೆ. ಅದರ ಕೆಲವು ಮುಖ್ಯ ತಿರುವುಗಳು ನಮ್ಮ ರಾಜ್ಯದಲ್ಲೇ ನಡೆದವು. ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳಲ್ಲಿ ಶೇ 68 ಸೀಟುಗಳನ್ನು ಮೀಸಲಿಟ್ಟ 1962ರ ಸರ್ಕಾರಿ ಆದೇಶವನ್ನು ಸುಪ್ರೀಂ ಕೋರ್ಟ್ ಅದೇ ವರ್ಷ ಬಾಲಾಜಿ ಪ್ರಕರಣದಲ್ಲಿ ರದ್ದು ಮಾಡಿತು. ಅರ್ಧಕ್ಕಿಂತ ಹೆಚ್ಚು ಮೀಸಲು ಇರಬಾರದು ಎಂಬ, ಇಂದಿಗೂ ದೇಶವೆಲ್ಲ ಹೇಳುವ ಮಾತು ಹುಟ್ಟಿದ್ದು ಆ ತೀರ್ಪಿನಲ್ಲಿ. ಹತ್ತು ವರ್ಷಗಳ ತರುವಾಯ, 1972ರಲ್ಲಿ, ದೇವರಾಜ ಅರಸು ಸರ್ಕಾರ ಹಿಂದುಳಿದ ವರ್ಗಗಳ ಆಯೋಗ ರಚಿಸಿ ಎಲ್.ಜಿ. ಹಾವನೂರರನ್ನು ಅಧ್ಯಕ್ಷರನ್ನಾಗಿ ಮಾಡಿತು. ಹಾವನೂರರು ಸ್ವತಃ ನಾಯಕ ಸಮುದಾಯದವರು, ವಕೀಲರು. 1975ರಲ್ಲಿ ಅವರು ಕೊಟ್ಟ ವರದಿ ಮನೆ ಮನೆಯ ಸಮೀಕ್ಷೆಯ ಮೇಲೆ ನಿಂತಿತ್ತು. 'ಹಿಂದುಳಿದವರು' ಎಂಬ ಒಂದೇ ಗುಂಪಿನಲ್ಲಿ ಬಲಿಷ್ಠರ ನಡುವೆ ಕಳೆದುಹೋಗುತ್ತಿದ್ದ ಸಣ್ಣ ಸಮುದಾಯಗಳನ್ನು ಅದು ಬೇರೆ ಬೇರೆ ಪಟ್ಟಿಗಳಲ್ಲಿ ಗುರುತಿಸಿತು.

ನನ್ನಿವಾಳದ ಮಟ್ಟಿಗೆ ದೊಡ್ಡ ತಿರುವು 1991ರದ್ದು. ಅದುವರೆಗೆ ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ 'ನಾಯಕಡ' ಎಂಬ ಹೆಸರಿತ್ತು. 'ನಾಯಕ', 'ಬೇಡ' ಎಂದು ಬರೆಸಿಕೊಂಡವರು ಅದೇ ಪಟ್ಟಿಗೆ ಸೇರುತ್ತಾರೋ ಇಲ್ಲವೋ ಎಂಬ ತಕರಾರು ಮುಗಿಯುತ್ತಿರಲಿಲ್ಲ. ಆ ವರ್ಷ ಸಂಸತ್ತು ಕಾಯ್ದೆ ತಿದ್ದಿ ನಾಯಕ, ನಾಯ್ಕ, ಬೇಡ, ಬೇಡರ್, ವಾಲ್ಮೀಕಿ ಎಂಬ ಹೆಸರುಗಳನ್ನು ಸೇರಿಸಿತು. ಹಟ್ಟಿಯ ಹುಡುಗನ ಅರ್ಜಿಯಲ್ಲಿ ಒಂದು ಕಾಲಂ ಬದಲಾಯಿತು. ಆದರೆ ಪಟ್ಟಿ ಹಿಗ್ಗಿದರೂ ಪಾಲು ಹಿಗ್ಗಲಿಲ್ಲ. ರಾಜ್ಯದಲ್ಲಿ ಪಂಗಡಗಳ ಮೀಸಲಾತಿ ಶೇ 3ರಲ್ಲೇ ಮೂವತ್ತೊಂದು ವರ್ಷ ನಿಂತಿತು. ಅಂದರೆ ಮೂವತ್ತು ಸೀಟುಗಳ ಸ್ನಾತಕೋತ್ತರ ವಿಭಾಗವೊಂದರಲ್ಲಿ ಹೆಚ್ಚೆಂದರೆ ಒಬ್ಬ. ಜಿಲ್ಲೆಯ ಶೇ 18 ಜನರ ಸ್ಪರ್ಧೆ ಆ ಒಂದು ಕುರ್ಚಿಗೆ, ಅದೂ ರಾಜ್ಯದ ಉಳಿದ ಅಭ್ಯರ್ಥಿಗಳ ಜೊತೆ.

ಹರಿಹರ ತಾಲ್ಲೂಕಿನ ರಾಜನಹಳ್ಳಿ ವಾಲ್ಮೀಕಿ ಗುರುಪೀಠದ ಪ್ರಸನ್ನಾನಂದಪುರಿ ಸ್ವಾಮೀಜಿ 2019ರಲ್ಲಿ ರಾಜನಹಳ್ಳಿಯಿಂದ ಬೆಂಗಳೂರಿಗೆ ಪಾದಯಾತ್ರೆ ಮಾಡಿದ್ದು, 2022ರಲ್ಲಿ ಸ್ವಾತಂತ್ರ್ಯ ಉದ್ಯಾನದಲ್ಲಿ 200 ದಿನ ದಾಟಿ ಧರಣಿ ಕುಳಿತದ್ದು ಈ ಹಿನ್ನೆಲೆಯಲ್ಲಿ. ಮೀಸಲಾತಿ ಹೆಚ್ಚಳದ ಬಗ್ಗೆ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ 2020ರಲ್ಲೇ ವರದಿ ಕೊಟ್ಟಿತ್ತು. 2022ರ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆ, ಡಿಸೆಂಬರ್‌ನಲ್ಲಿ ಕಾಯ್ದೆ: ಪರಿಶಿಷ್ಟ ಜಾತಿಗೆ ಶೇ 15ರಿಂದ 17, ಪಂಗಡಕ್ಕೆ ಶೇ 3ರಿಂದ 7. ಒಟ್ಟು ಮೀಸಲಾತಿ ಶೇ 56 ಆಯಿತು. ಬಾಲಾಜಿ ಪ್ರಕರಣದ ನೆರಳು ಮತ್ತೆ ಬಿತ್ತು. ಆ ವಾದ ನ್ಯಾಯಾಲಯದ ಪಾಲಿಗಿರಲಿ.

ಸೀಟು ಸಿಕ್ಕವರು ಅಲ್ಲಿ ಉಳಿದದ್ದು ಹೇಗೆ ಎಂದು ಈ ಕಡೆಯ ಮೊದಲ ತಲೆಮಾರಿನ ಪದವೀಧರರನ್ನು ಕೇಳಿದರೆ ಹತ್ತರಲ್ಲಿ ಎಂಟು ಮಂದಿ ಹೇಳುವುದು ಒಂದೇ ಉತ್ತರ: ಹಾಸ್ಟೆಲ್. ನೀತಿಯ ಹೆಸರನ್ನು ಯಾರೂ ಹೇಳುವುದಿಲ್ಲ, ವಾರ್ಡನ್ನಿನ ಹೆಸರನ್ನು ಹೇಳುತ್ತಾರೆ. ಅದರಲ್ಲಿ ಬೈಗುಳವೂ ಸೇರಿರುತ್ತದೆ, ಅದು ಬೇರೆ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳು, 1977ರಲ್ಲಿ ಹಿಂದುಳಿದ ವರ್ಗಗಳಿಗೆ ಪ್ರತ್ಯೇಕ ಇಲಾಖೆಯಾದ ಮೇಲೆ ಬಂದ ಬಿ.ಸಿ.ಎಂ. ಹಾಸ್ಟೆಲುಗಳು, ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳು, ಇವಿಲ್ಲದೆ ಮೀಸಲು ಸೀಟು ಎಷ್ಟಿದ್ದರೂ ಹಟ್ಟಿಯ ಹುಡುಗ ಊರಲ್ಲೇ ಕುರಿ ಹಿಂದೆ ಇರುತ್ತಿದ್ದ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಪರಿಶಿಷ್ಟ ಜಾತಿಗೆ 1944ರಿಂದಲೂ ಪಂಗಡಕ್ಕೆ 1948ರಿಂದಲೂ ಇದೆ. ಸ್ವಾತಂತ್ರ್ಯಕ್ಕಿಂತ ಹಳೆಯ ಯೋಜನೆ. ಆದರೆ ಅದರ ಹಣ ವರ್ಷದ ಕೊನೆಗೆ ಬರುತ್ತದೆ, ಹೊಟ್ಟೆ ಬೆಳಗ್ಗೆಯೇ ಕೇಳುತ್ತದೆ. ಹಾಸ್ಟೆಲ್ ಗೆದ್ದದ್ದು ಅಲ್ಲಿ.

ಹಾಸ್ಟೆಲಿನಲ್ಲಿ ಜಾಗ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಊಟ, ವಸತಿಯ ಖರ್ಚೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ವಿದ್ಯಾಸಿರಿ ಯೋಜನೆ 2013ರಲ್ಲಿ ಬಂತು. ಆ ಹಣಕ್ಕೆ ಚಿತ್ರದುರ್ಗದಲ್ಲಿ ಕೋಣೆ ಬಾಡಿಗೆಗೂ ಸಾಲದು ಎಂಬ ಮಾತು ಇಂದು ಸರಿ. ಆದರೂ ನಾಲ್ಕು ಹುಡುಗರು ಸೇರಿ ಒಂದು ಕೋಣೆ ಹಿಡಿದು, ಸರದಿಯ ಮೇಲೆ ಮುದ್ದೆ ತೊಳಸಿ ಎಂ.ಎ. ಮುಗಿಸಿದ್ದು ಇಂಥ ಹಣದಲ್ಲೇ. 2023ರ ಜೂನ್ 11ರಿಂದ ಮಹಿಳೆಯರಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತ. ಶಕ್ತಿ ಯೋಜನೆಯನ್ನು ಯಾರೂ ಉನ್ನತ ಶಿಕ್ಷಣ ನೀತಿ ಎಂದು ಕರೆದಿಲ್ಲ. ಬೆಳಗ್ಗೆ ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಚಿತ್ರದುರ್ಗದ ಬಸ್ಸು ಹತ್ತುವ ವಿದ್ಯಾರ್ಥಿನಿಯರನ್ನು ನೋಡಿದವರು ಹಾಗೆ ಕರೆದರೆ ತಪ್ಪಿಲ್ಲ. ಒಂದೇ ತೊಡಕು: ಬಸ್ಸು ನಿಲ್ಲುವ ಊರಿನವರೆಗೆ ಮಾತ್ರ ಈ ಮಾತು ನಿಜ. ಮುಖ್ಯ ರಸ್ತೆಯಿಂದ ಒಳಗಿರುವ ಹಟ್ಟಿಗೆ ಸಂಜೆ ನಡೆದೇ ಹೋಗಬೇಕು.

ಕಾಡುಗೊಲ್ಲರ ಹಟ್ಟಿಗಳ ಹೆಣ್ಣುಮಕ್ಕಳ ವಿಚಾರ ಇನ್ನೂ ಸೂಕ್ಷ್ಮ. ಮುಟ್ಟಿನ ದಿನಗಳಲ್ಲಿ, ಹೆರಿಗೆಯ ಹೊತ್ತಿನಲ್ಲಿ ಹಟ್ಟಿಯ ಹೊರಗೆ ಇರಬೇಕೆಂಬ ಕಟ್ಟುಪಾಡು ಹಲವು ಕಡೆ ಇನ್ನೂ ಇದೆ. ಸರ್ಕಾರ ಗೊಲ್ಲರಹಟ್ಟಿಗಳ ಬಳಿ ಕೃಷ್ಣ ಕುಟೀರಗಳನ್ನು ಕಟ್ಟಿಸಿತು. ಬಯಲಿನಲ್ಲಿ ಮಲಗುವುದಕ್ಕಿಂತ ಅದು ಮೇಲು, ಆದರೆ ಹೊರಗಿಡುವುದಕ್ಕೇ ಸರ್ಕಾರಿ ಗೋಡೆ ಎಬ್ಬಿಸಿಕೊಟ್ಟಂತೆಯೂ ಆಯಿತು. ಪದವಿ ಕಾಲೇಜಿನಲ್ಲಿ ಪರೀಕ್ಷೆಗೆ ಕೂರಲು ಶೇ 75 ಹಾಜರಾತಿ ಬೇಕು. ತಿಂಗಳಿಗೆ ನಾಲ್ಕೈದು ದಿನ ತಪ್ಪಿಸಿಕೊಂಡ ಹುಡುಗಿ ಜ್ವರ, ಜಾತ್ರೆ ಯಾವುದೂ ಇಲ್ಲದೆಯೇ ಆ ಗೆರೆಯ ಅಂಚಿಗೆ ಬಂದು ನಿಲ್ಲುತ್ತಾಳೆ. ಹಾಸ್ಟೆಲಿಗೆ ಸೇರಿದವಳಿಗೆ ಈ ಕಟ್ಟುಪಾಡಿನಿಂದ ತನ್ನಷ್ಟಕ್ಕೆ ಬಿಡುವು. ಹಾಜರಾತಿ ನಿಯಮ ಬರೆದವರಿಗೆ ಹಟ್ಟಿಯ ಕ್ಯಾಲೆಂಡರ್ ಗೊತ್ತಿರಲಿಲ್ಲ ಎಂದು ಸುಮ್ಮನಾಗಬಹುದು. ಈಗ ಗೊತ್ತಿರುವವರು ಕಾಲೇಜುಗಳಲ್ಲೇ ಅಧ್ಯಾಪಕರಾಗಿದ್ದಾರಲ್ಲ, ಅವರನ್ನು ಕೇಳಬಹುದು. ಕಾಡುಗೊಲ್ಲರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆ ರಾಜ್ಯದ ಶಿಫಾರಸಿನೊಂದಿಗೆ ದೆಹಲಿಗೆ ಹೋಗಿ ವರ್ಷಗಳೇ ಆದವು. ಒಂದೇ ಕಾವಲಿನಲ್ಲಿ ದನ ಕುರಿ ಮೇಯಿಸಿದ ಎರಡು ಹಟ್ಟಿಗಳ ಮಕ್ಕಳು ಪ್ರವೇಶಾತಿ ಅರ್ಜಿಯಲ್ಲಿ ಬೇರೆ ಬೇರೆ ಪಟ್ಟಿಗಳಲ್ಲಿ ನಿಲ್ಲುತ್ತಾರೆ.

ಅರ್ಜಿ ಎಂದಾಗ ಈಗಿನ ಅರ್ಜಿಯ ಬಗ್ಗೆಯೂ ಎರಡು ಮಾತು. ರಾಜ್ಯದ ಎಲ್ಲ ವಿಶ್ವವಿದ್ಯಾಲಯಗಳಿಗೆ ಒಂದೇ ಆನ್‌ಲೈನ್ ವ್ಯವಸ್ಥೆ ಬಂದಿದೆ. ಎಲ್ಲರ ಬಾಯಲ್ಲಿ ಅದು ಯುಯುಸಿಎಂಎಸ್. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್. ಎರಡಕ್ಕೂ ಬೇಕಾದದ್ದು ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ. ಆಧಾರ್‌ನಲ್ಲಿ ಒಂದು ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು ಇನಿಷಿಯಲ್, ಬ್ಯಾಂಕ್ ಖಾತೆಯಲ್ಲಿ ಮತ್ತೊಂದು. ಮೂರೂ ಕೂಡದಿದ್ದರೆ ಹಣ ಬಾರದು. ಓದಿದವರಿಲ್ಲದ ಮನೆಯಲ್ಲಿ ಇದನ್ನು ಸರಿಪಡಿಸುವವರು ಸೈಬರ್ ಸೆಂಟರಿನವರು. ಯುಜಿಸಿ 2012ರ ನಿಯಮಾವಳಿಯಲ್ಲಿ ಪ್ರತಿ ಉನ್ನತ ಶಿಕ್ಷಣ ಸಂಸ್ಥೆಯಲ್ಲೂ ಸಮಾನ ಅವಕಾಶ ಘಟಕ ಇರಬೇಕು, ತಾರತಮ್ಯದ ದೂರು ಕೇಳುವ ಅಧಿಕಾರಿ ಇರಬೇಕು ಎಂದಿದೆ. ಹೆಚ್ಚಿನ ಕಡೆ ಅಂಥ ಘಟಕ ಕಾಗದದ ಮೇಲೆ ಇರುತ್ತದೆ. ಅದು ಪ್ರವೇಶಾತಿಯ ಜೂನ್, ಜುಲೈ ತಿಂಗಳುಗಳಲ್ಲಿ ಒಂದು ಮೇಜು ಹಾಕಿ ಕುಳಿತು ಹೆಸರು, ಇನಿಷಿಯಲ್ ಸರಿಪಡಿಸಿಕೊಟ್ಟರೂ ಸಾಕು, ದೊಡ್ಡ ಕೆಲಸವಾದೀತು.

ಭಾಷೆಯ ವಿಷಯ. ಮ್ಯಾಸಬೇಡರಲ್ಲಿ ಅನೇಕರ ಮನೆಮಾತು ತೆಲುಗು, ತಾಂಡಾದ ಮಕ್ಕಳದು ಲಂಬಾಣಿ. ಶಾಲೆಯಲ್ಲಿ ಕನ್ನಡ ಕಲಿತು, ಪದವಿಗೆ ಬಂದರೆ ವಿಜ್ಞಾನ, ವಾಣಿಜ್ಯದ ಪುಸ್ತಕಗಳೆಲ್ಲ ಇಂಗ್ಲಿಷಿನವು. ವೃತ್ತಿಪರ ಕೋರ್ಸುಗಳಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಸೀಟುಗಳಿವೆ. ಒಂದರಿಂದ ಹತ್ತನೆಯ ತರಗತಿವರೆಗೆ ಹಾಗೆ ಓದಿದ್ದಕ್ಕೆ ದಾಖಲೆ ಬೇಕು. ಒಳ್ಳೆಯ ನಿಯಮ. ಆದರೆ ಬಾಗಿಲ ಬಳಿ ಕನ್ನಡಕ್ಕೆ ಸೀಟು ಕೊಟ್ಟು, ಒಳಗೆ ಕರೆದುಕೊಂಡು ಮೊದಲ ದಿನವೇ ಇಂಗ್ಲಿಷಿನಲ್ಲಿ ಪಾಠ ಶುರು ಮಾಡಿದರೆ ಮೊದಲ ಸೆಮಿಸ್ಟರಿನಲ್ಲೇ ಬ್ಯಾಕ್‌ಲಾಗ್ ಸಾಲುಗಟ್ಟುತ್ತದೆ.

ಅಂಗವಿಕಲ ವಿದ್ಯಾರ್ಥಿಗಳ ಮಟ್ಟಿಗೆ ಕಾಯ್ದೆ ಬಹಳ ಮುಂದಿದೆ, ಕಟ್ಟಡ ಬಹಳ ಹಿಂದಿದೆ. 1995ರ ಕಾಯ್ದೆ ಸರ್ಕಾರಿ ಶಿಕ್ಷಣ ಸಂಸ್ಥೆಗಳಲ್ಲಿ ಶೇ 3 ಸೀಟು ಎಂದಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ ವೈಕಲ್ಯಗಳನ್ನು 21ಕ್ಕೆ ಏರಿಸಿ, ಉನ್ನತ ಶಿಕ್ಷಣದಲ್ಲಿ ಶೇ 5 ಸೀಟು, ವಯೋಮಿತಿಯಲ್ಲಿ ಐದು ವರ್ಷ ಸಡಿಲಿಕೆ ಕೊಟ್ಟಿತು. ಅದನ್ನು ಪಾಲಿಸಿ ಎಂದು 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಸಂಸ್ಥೆಗಳಿಗೂ ಮತ್ತೆ ಹೇಳಬೇಕಾಯಿತು. ಪರೀಕ್ಷೆಯಲ್ಲಿ ಪರರಿಂದ ಬರೆಸಲು ಅವಕಾಶ ಇದೆ, ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಇದೆ. ಮೂರು ಗಂಟೆಯ ಪತ್ರಿಕೆಗೆ ನಾಲ್ಕು ಗಂಟೆ. ಇದು ಕಾಲೇಜಿನ ಅನುಗ್ರಹವಲ್ಲ, ವಿದ್ಯಾರ್ಥಿಯ ಹಕ್ಕು. ಆದರೂ ಪರೀಕ್ಷೆಗೆ ವಾರವಿರುವಾಗ ಬರೆಯುವವರನ್ನು ಹುಡುಕುತ್ತ, ಮೌಲ್ಯಮಾಪನ ಕುಲಸಚಿವರ ಕಚೇರಿಯ ಅನುಮತಿಗೆ ಕಾಯುತ್ತ ಓಡಾಡುವುದು ವಿದ್ಯಾರ್ಥಿಯ ಪಾಲಿಗೇ. ಪರರಿಗಾಗಿ ಬರೆಯುವವರ ಮಾತು ಬಂದಾಗ ಈ ಸೀಮೆಯದೇ ಒಂದು ಹಳೆಯ ನೆನಪು: ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನ ಬರೆದ ಲಿಪಿಕಾರ ಚಪಡ ತನ್ನ ಹೆಸರನ್ನೂ ಬರೆದುಕೊಂಡಿದ್ದಾನೆ. ಶಿಷ್ಯರು ಗುರುಗಳನ್ನು ಹೇಗೆ ಕಾಣಬೇಕೆಂದು ಆ ಶಾಸನ ಹೇಳುತ್ತದೆ. ಬರೆಯಲು ಪರರ ಕೈ ಬೇಕಾದ ಶಿಷ್ಯನನ್ನು ಸಂಸ್ಥೆ ಹೇಗೆ ಕಾಣಬೇಕು ಎಂಬುದನ್ನು ಯುಜಿಸಿಯೇ ಹೇಳಬೇಕಾಯಿತು. ಅದರ ಸುಗಮ್ಯತಾ ಮಾರ್ಗಸೂಚಿ ಬಂದದ್ದು 2022ರಲ್ಲಿ.

ಮಾರ್ಗಸೂಚಿ ಬಂದಾಗ ಮೊದಲು ಕಾಣಿಸುವುದು ರ್‍ಯಾಂಪ್. ಮುಖ್ಯ ಕಟ್ಟಡಕ್ಕೊಂದು ಇಳಿಜಾರು ಕಟ್ಟಿಸಿ, ಫೋಟೊ ತೆಗೆಸಿ, ನ್ಯಾಕ್ ಸಮಿತಿಗೆ ತೋರಿಸಿದರೆ ಕೆಲಸ ಮುಗಿಯಿತು ಎಂಬ ಭಾವನೆ ಎಷ್ಟೋ ಕಡೆ ಇದೆ. ಗ್ರಂಥಾಲಯ ಮೊದಲ ಮಹಡಿಯಲ್ಲೇ ಇರುತ್ತದೆ, ಶೌಚಾಲಯದ ಬಾಗಿಲು ಗಾಲಿಕುರ್ಚಿಗಿಂತ ಕಿರಿದಾಗಿಯೇ ಇರುತ್ತದೆ. ಕಣ್ಣಿಗೆ ಬೀಳದ ಇನ್ನೊಂದು ಅಡ್ಡಿಯಿದೆ, ಅದು ಕನ್ನಡಕ್ಕೇ ವಿಶೇಷ. ಅಧ್ಯಾಪಕರು ಕೊಡುವ ಕನ್ನಡ ನೋಟ್ಸ್ ಬಹಳಷ್ಟು ಹಳೆಯ ನುಡಿ ಫಾಂಟಿನಲ್ಲಿರುತ್ತದೆ. ಯುನಿಕೋಡ್ ಅಲ್ಲದ ಆ ಕಡತವನ್ನು ಅಂಧ ವಿದ್ಯಾರ್ಥಿಯ ಸ್ಕ್ರೀನ್ ರೀಡರ್ ಓದಿದರೆ ಕೇಳಿಸುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸರ. ಸ್ಕ್ಯಾನ್ ಮಾಡಿದ ಪುಟವಾದರೆ ಅದೂ ಇಲ್ಲ, ಮೌನ. ಇದಕ್ಕೆ ಹಣ ಬೇಡ, ಟೆಂಡರ್ ಬೇಡ. ನೋಟ್ಸನ್ನು ಯುನಿಕೋಡಿಗೆ ಪರಿವರ್ತಿಸಿ ಕಳಿಸಿದರೆ ಆಯಿತು. ಅಚ್ಚಾದ ಹಳೆಯ ಕನ್ನಡ ಪುಸ್ತಕಗಳಿಗೂ ದಾರಿಯಿದೆ: ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಮತ್ತು ಅವರ ಶಿಷ್ಯರು ಕನ್ನಡದ ಅಚ್ಚನ್ನು ಪಠ್ಯವಾಗಿಸುವ, ಪಠ್ಯವನ್ನು ಓದಿ ಹೇಳುವ ತಂತ್ರಾಂಶಗಳನ್ನು ಮಾಡಿದ್ದಾರೆ.

ಆ ಸಂಸ್ಥೆಗೂ ಈ ತಾಲ್ಲೂಕಿಗೂ ಹೊಸ ನಂಟಿದೆ. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲಿನಲ್ಲಿ ಕುದಾಪುರದ ಬಳಿ ಅದಕ್ಕೆ 1,500 ಎಕರೆ ಜಮೀನು ಕೊಡಲಾಗಿದೆ. ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೂ ಅಲ್ಲೇ ಸಾವಿರಾರು ಎಕರೆ ಹೋಯಿತು. ಹಟ್ಟಿಗಳ ದನ ಕುರಿ ಮೇಯುತ್ತಿದ್ದ ಹುಲ್ಲುಗಾವಲದು. ಬೇಲಿ ಬಿದ್ದಾಗ ಪ್ರತಿಭಟನೆ ನಡೆದು, ಮೊಕದ್ದಮೆ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ವಿಜ್ಞಾನ ಸಂಸ್ಥೆಯ ಕುದಾಪುರ ಕ್ಯಾಂಪಸ್ಸಿನಲ್ಲಿ ಪ್ರತಿಭಾ ಅಭಿವೃದ್ಧಿ ಕೇಂದ್ರ ನಡೆಯುತ್ತಿದೆ. ಪ್ರೌಢಶಾಲೆ, ಪಿಯು ಕಾಲೇಜುಗಳ ವಿಜ್ಞಾನ ಶಿಕ್ಷಕರು ಅಲ್ಲಿ ತಂಗಿ, ಪ್ರಯೋಗಗಳನ್ನು ಸ್ವತಃ ಮಾಡಿ ಕಲಿತು ಹೋಗುತ್ತಾರೆ. ಇದು ನಿಜವಾಗಿ ಒಳ್ಳೆಯ ಕೆಲಸ, ಹೊಗಳಬೇಕಾದದ್ದು. ಆದರೆ ಕಾವಲು ಬಿಟ್ಟುಕೊಟ್ಟ ಹಟ್ಟಿಗಳಿಗೂ ಅಲ್ಲಿಗೂ ಕೆಲಸಗಾರರ ಸಂಬಂಧವಷ್ಟೇ ಬೆಳೆದರೆ ಸಾಲದು. ಕುದಾಪುರದ ಸುತ್ತಲಿನ ಹಟ್ಟಿಗಳ ಪಿಯು ವಿಜ್ಞಾನ ವಿದ್ಯಾರ್ಥಿಗಳಿಗೆ ಬೇಸಗೆ ರಜೆಯಲ್ಲಿ ಅದೇ ಪ್ರಯೋಗಾಲಯಗಳ ಬಾಗಿಲು ತೆರೆಯುವುದು ಆ ಸಂಸ್ಥೆಗೆ ಹೊರೆಯಾಗಲಾರದು.

ಮೊಳಕಾಲ್ಮೂರಿನ ಕಥೆಯಲ್ಲಿ ಒಂದು ಗಡಿ ಅಡ್ಡ ಬಂದಿದೆ. ಅಲ್ಲಿಯ ವಿದ್ಯಾರ್ಥಿಗೆ ದಾವಣಗೆರೆ ನೂರು ಕಿ.ಮೀ.ಗೂ ಆಚೆ, ರಾಂಪುರ ದಾಟಿದರೆ ಬಳ್ಳಾರಿ ಅದರ ಅರ್ಧದ ಹಾದಿ. 2010ರಲ್ಲಿ ಸ್ಥಾಪನೆಯಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಅಲ್ಲಿದೆ. ಆದರೆ ಬಳ್ಳಾರಿ 371ಜೆ ವಿಧಿಯ ವ್ಯಾಪ್ತಿಯಲ್ಲಿದೆ, ಮೊಳಕಾಲ್ಮೂರು ಇಲ್ಲ. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ ಈ ವಿಧಿಯಂತೆ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70 ಸೀಟು ಆ ಭಾಗದವರಿಗೆ, ರಾಜ್ಯದ ಉಳಿದ ಸಂಸ್ಥೆಗಳಲ್ಲಿ ಶೇ 8. ಹತ್ತಿರದ ವಿಶ್ವವಿದ್ಯಾಲಯದಲ್ಲಿ ಮೊಳಕಾಲ್ಮೂರಿನವರು ಹೊರಗಿನವರು. ಚರಿತ್ರೆಯ ತಮಾಷೆ ಎಂದರೆ, 1953ರ ಅಕ್ಟೋಬರ್‌ವರೆಗೆ ಬಳ್ಳಾರಿ ಮದ್ರಾಸಿಗೆ ಸೇರಿತ್ತು; ಮೈಸೂರು ಸೀಮೆಯ ಮೊಳಕಾಲ್ಮೂರಿಗೆ ಅಷ್ಟರಲ್ಲಿ ಕನ್ನಡದ ವಿಶ್ವವಿದ್ಯಾಲಯವೊಂದು ಮೂವತ್ತೇಳು ವರ್ಷಗಳಿಂದ ಇತ್ತು, ಹೆಸರಿಗೆ. 2002ರ ನಂಜುಂಡಪ್ಪ ಸಮಿತಿ ತಾಲ್ಲೂಕನ್ನು ಅಳತೆಗೋಲಾಗಿ ಹಿಡಿದು ರಾಜ್ಯದಲ್ಲಿ 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿತ್ತು. 371ಜೆ ಜಿಲ್ಲೆಯ ಗೆರೆಯನ್ನು ಹಿಡಿಯಿತು. ಮೊಳಕಾಲ್ಮೂರನ್ನೂ ಸೇರಿಸಿ ಎಂಬ ಕೂಗು ಎದ್ದದ್ದು ಈ ಎರಡು ಗೆರೆಗಳ ನಡುವೆ.

ಅಂಕಿಅಂಶ ನೋಡಿದರೆ ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯ 2021-22ರ ವರದಿಯಲ್ಲಿ ದೇಶದ ದಾಖಲಾತಿ ಪ್ರಮಾಣ ಶೇ 28.4, ಪರಿಶಿಷ್ಟ ಜಾತಿಯವರದು 25.9, ಪಂಗಡದವರದು 21.2. ಕರ್ನಾಟಕದ ಒಟ್ಟು ಪ್ರಮಾಣ ಶೇ 36.2. ರಾಜ್ಯದ ಸರಾಸರಿ ಬೆಂಗಳೂರನ್ನೂ ಮಂಗಳೂರನ್ನೂ ಸೇರಿಸಿಕೊಂಡ ಸರಾಸರಿ. ಅದರಲ್ಲಿ ನನ್ನಿವಾಳ ಕಾಣುವುದಿಲ್ಲ. ದಾಖಲಾದವರು ಮೂರು ವರ್ಷ ಉಳಿದರೇ, ಪದವಿ ಪಡೆದರೇ ಎಂಬುದಂತೂ ಈ ಸಂಖ್ಯೆಯಲ್ಲಿ ಕಾಣುವುದೇ ಇಲ್ಲ. ಉಳಿಸಿಕೊಳ್ಳುವ ಕೆಲಸ ಅಧ್ಯಾಪಕರದು. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಮೇಲೆ ನಡೆಯುತ್ತಿವೆ. ಮುಂದಿನ ವರ್ಷ ತಾವೇ ಇರುತ್ತೇವೋ ಇಲ್ಲವೋ ಗೊತ್ತಿಲ್ಲದವರು ವಿದ್ಯಾರ್ಥಿ ಏಕೆ ಕಾಲೇಜು ಬಿಟ್ಟ ಎಂದು ಹುಡುಕಿಕೊಂಡು ಹಟ್ಟಿಗೆ ಹೋಗಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಆದರೂ ಹೋದವರು ಇದ್ದಾರೆ.

ನೀತಿಗಳೂ ಬೇಗ ಬೇಗ ಬದಲಾದವು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು 2021ರಲ್ಲಿ ದೇಶದಲ್ಲೇ ಮೊದಲು ಜಾರಿ ಮಾಡಿದ ಕರ್ನಾಟಕ ನಾಲ್ಕು ವರ್ಷದ ಪದವಿ ತಂದಿತು. 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಬಂತು. ಪ್ರೊ. ಸುಖದೇವ್ ಥೋರಟ್ ಆಯೋಗ ರಾಜ್ಯ ಶಿಕ್ಷಣ ನೀತಿಯ ವರದಿಯನ್ನು 2025ರ ಆಗಸ್ಟ್‌ನಲ್ಲಿ ಸಲ್ಲಿಸಿತು. ಪಠ್ಯಕ್ರಮ ಬದಲಾಗುವ ಪ್ರತಿ ಸಲವೂ ಹೆಚ್ಚು ತಡವರಿಸುವುದು ಅಣ್ಣ, ಅಕ್ಕ ಯಾರೂ ಕಾಲೇಜು ಕಾಣದ ಮನೆಯ ಹುಡುಗ, ಹುಡುಗಿ. ಪದವಿ ಎಷ್ಟು ವರ್ಷದ್ದು ಎಂಬ ವಾದಕ್ಕೆ ಕೊಟ್ಟ ಹೊತ್ತಿನಲ್ಲಿ ಅರ್ಧವನ್ನಾದರೂ ಹಾಸ್ಟೆಲುಗಳಿಗೆ ಕೊಟ್ಟಿದ್ದರೆ ಈ ಸೀಮೆಗೆ ಹೆಚ್ಚು ಉಪಕಾರವಾಗುತ್ತಿತ್ತು.

ದಾವಣಗೆರೆ ವಿಶ್ವವಿದ್ಯಾಲಯದ ಮೊದಲ ಕುಲಪತಿ ಪ್ರೊ. ಎಸ್. ಇಂದುಮತಿ. ಮಹಿಳೆಯೊಬ್ಬರ ನೇತೃತ್ವದಲ್ಲಿ ಹೆಜ್ಜೆಯಿಟ್ಟ, ಎರಡೇ ಜಿಲ್ಲೆಗಳ ಈ ಚಿಕ್ಕ ವಿಶ್ವವಿದ್ಯಾಲಯಕ್ಕೆ ದೊಡ್ಡ ವಿಶ್ವವಿದ್ಯಾಲಯಗಳಿಗೆ ಇಲ್ಲದ ಒಂದು ಅನುಕೂಲವಿದೆ: ತನ್ನ ತಾಲ್ಲೂಕುಗಳನ್ನು ಹೆಸರು ಹಿಡಿದು ಎಣಿಸಬಲ್ಲದು. ಯಾವ ತಾಲ್ಲೂಕಿನಿಂದ ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಅಂಗವಿಕಲರು, ಎಷ್ಟು ಮಂದಿ ನಡುವೆ ಬಿಟ್ಟರು, ಎಷ್ಟು ಮಂದಿಗೆ ಹಾಸ್ಟೆಲ್ ಸಿಗಲಿಲ್ಲ ಎಂಬ ಲೆಕ್ಕವೆಲ್ಲ ಪ್ರವೇಶಾತಿ ತಂತ್ರಾಂಶದಲ್ಲಿ, ಇಲಾಖೆಗಳ ಕಡತಗಳಲ್ಲಿ ಈಗಾಗಲೇ ಇದೆ. ಶಿವಗಂಗೋತ್ರಿ, ಜ್ಞಾನಗಂಗೋತ್ರಿ ಎರಡೂ ಪ್ರತಿ ವರ್ಷದ ಪ್ರವೇಶಾತಿ ಪ್ರಕಟಣೆಯ ಜೊತೆಗೆ ಹಿಂದಿನ ವರ್ಷದ ಆ ಲೆಕ್ಕವನ್ನೂ ತಾಲ್ಲೂಕುವಾರು ಪ್ರಕಟಿಸಲಿ, ಚಳ್ಳಕೆರೆ, ಮೊಳಕಾಲ್ಮೂರಿನ ಕಾಲೇಜುಗಳ ಸೂಚನಾ ಫಲಕಕ್ಕೂ ಒಂದು ಪ್ರತಿ ಕಳಿಸಲಿ.